ಮುಚ್ಚಿದ ಕಿಟಕಿ: ಲಾಲ್‌ಬಾಗಿನ ಒಂದು ಚಾಳಿನ ಪ್ರಕರಣ ಅಧ್ಯಯನ

ಮುಂಬಯಿಯ ಲಾಲ್‌ಬಾಗಿನಲ್ಲಿ ಒಂದು ಹಳೆಯ ಚಾಳು. ಅದರ ಮೊದಲ ಮಹಡಿಯ ಖೋಲಿಯಲ್ಲಿ ಮಲಗುತ್ತಿದ್ದ ಹೋಟೆಲ್ ಕೆಲಸಗಾರನಿಗೆ ಶ್ವಾಸಕೋಶದ ಕ್ಷಯ ಇದೆ ಎಂದು ಕಫ ಪರೀಕ್ಷೆಯಲ್ಲಿ ಗೊತ್ತಾಯಿತು. ಬೈಂದೂರು ಕಡೆಯ ಹುಡುಗ, ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಔಷಧ ಶುರುವಾಯಿತು. ಆದರೆ ಅವನನ್ನು ನೋಡುತ್ತಿದ್ದ ವೈದ್ಯೆಗೆ ಒಂದು ಸಂಗತಿ ಕೊರೆಯುತ್ತಲೇ ಇತ್ತು. ಹಿಂದಿನ ವರ್ಷ ಅದೇ ಖೋಲಿಯ ಇನ್ನೊಬ್ಬ ಕೆಮ್ಮು ಹಿಡಿದು ಊರಿಗೆ ಹೋಗಿದ್ದ. ಅಲ್ಲಿ ಅವನಿಗೂ ಇದೇ ಕಾಯಿಲೆ ಎಂದಾಗಿತ್ತು. ಮಾತ್ರೆ ಕೊಟ್ಟು ಮತ್ತೆ ಅದೇ ಖೋಲಿಗೆ ಕಳಿಸುವುದಕ್ಕೆ ಅವರ ಮನಸ್ಸು ಒಪ್ಪಲಿಲ್ಲ. ಹಳೆ ಕಟ್ಟಡಗಳ ದುರಸ್ತಿ ನನ್ನ ಕಸುಬು. “ಆ ಖೋಲಿಯನ್ನೊಮ್ಮೆ ನೋಡಿ ಬನ್ನಿ” ಎಂದು ಅವರು ಕೇಳಿದ್ದರಿಂದ ಈ ತಪಾಸಣೆ ನಡೆಯಿತು. ಕಟ್ಟಡದ ಹೆಸರು, ಅಲ್ಲಿರುವವರ ಗುರುತು ಇಲ್ಲಿ ಬಿಟ್ಟಿದ್ದೇನೆ.

ಕಟ್ಟಡ ಮತ್ತು ಅದರ ಲೆಕ್ಕಾಚಾರ

ನೆಲಮಹಡಿಯ ಮೇಲೆ ಮೂರು ಮಹಡಿ. ಸಾಗುವಾನಿ ಕಂಬ-ತೊಲೆಗಳ ಚೌಕಟ್ಟು, ನಡುವೆ ಇಟ್ಟಿಗೆ ಸುಣ್ಣದ ಗೋಡೆ, ಮೇಲೆ ಮಂಗಳೂರು ಹೆಂಚು. ಮುಂದುಗಡೆ ಉದ್ದಕ್ಕೆ ಗ್ಯಾಲರಿ, ಗ್ಯಾಲರಿಗೆ ಬಾಗಿಲು ತೆರೆಯುವ ಖೋಲಿಗಳ ಸಾಲು, ಕೊನೆಯಲ್ಲಿ ಎಲ್ಲರಿಗೂ ಸೇರಿದ ಪಾಯಖಾನೆ. ಪ್ರತಿ ಖೋಲಿಯ ಹಿಂಬದಿಯಲ್ಲಿ ಒಂದು ಕಿಟಕಿ, ಅದರ ಪಕ್ಕ ಮೋರಿ, ಅಂದರೆ ಸ್ನಾನಕ್ಕೂ ಪಾತ್ರೆ ತೊಳೆಯುವುದಕ್ಕೂ ಇರುವ ಮೂಲೆ. ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ವಿಜಯಪುರ, ಕಲಬುರಗಿ ಕಡೆಯಿಂದ ಬಂದವರ ಕೆಲವು ಮನೆಗಳು ಈಗಲೂ ಇಲ್ಲಿವೆ. ಕ್ಷಯ ಕಂಡ ಖೋಲಿ ಕರಾವಳಿಯವರೊಬ್ಬರ ಹೆಸರಿನಲ್ಲಿದೆ. ಅವರು ಉಪನಗರಕ್ಕೆ ಹೋಗಿ ಬಹಳ ವರ್ಷವಾಯಿತು. ಖೋಲಿಯನ್ನು ಊರ ಕಡೆಯ ಹೋಟೆಲ್ ಹುಡುಗರಿಗೆ ಬಿಟ್ಟುಕೊಟ್ಟಿದ್ದಾರೆ.

ಇದು 1940ರ ಸೆಪ್ಟೆಂಬರ್ 1ಕ್ಕಿಂತ ಮೊದಲು ಕಟ್ಟಿದ್ದು, ಹಾಗಾಗಿ ದುರಸ್ತಿಯ ತೆರಿಗೆ ಕಟ್ಟುವ ‘ಸೆಸ್’ ಕಟ್ಟಡಗಳಲ್ಲಿ ಎ ವರ್ಗ. ದ್ವೀಪನಗರದ ಹಳೆ ಕಟ್ಟಡಗಳ ದುರಸ್ತಿಗೆಂದು 1969ರಲ್ಲಿ ಕಾನೂನು ಬಂದಾಗ ಎಲ್ಲ ವರ್ಗ ಸೇರಿ ಸೆಸ್ ಕಟ್ಟಡಗಳು 19,642 ಇದ್ದವು. ಸೆಸ್ ಕಟ್ಟಿದವರ ಕಂಬ, ತೊಲೆ, ಮೆಟ್ಟಿಲುಗಳನ್ನು ಈಗ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿ ನೋಡಿಕೊಳ್ಳುತ್ತದೆ. ಮಾಲೀಕರು ಬೇರೆ, ಬಾಡಿಗೆದಾರರು ಪಗಡಿಯವರು, ಅಂದರೆ ಒಳಗೆ ಬರುವಾಗಲೇ ಒಂದು ಇಡಿಗಂಟು ಕೊಟ್ಟು ಕಾಯಂ ಬಾಡಿಗೆ ಹಕ್ಕು ಪಡೆದವರು. ಪಗಡಿ ಕೊಟ್ಟು ಬಂದವರ ಬಾಡಿಗೆ ಹಳೆ ಕಾಲದಲ್ಲೇ ನಿಂತಿದೆ. ಇಲ್ಲಿ ತಿಂಗಳಿಗೆ ನೂರು ರೂಪಾಯಿಯನ್ನೂ ಮುಟ್ಟುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ದುರಸ್ತಿ ಮಾಲೀಕನ ಹೊಣೆ. ಅವನು ಮಾಡದಿದ್ದರೆ ನೋಟಿಸು ಕೊಟ್ಟು ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. ಆದರೆ ಒಂದು ವರ್ಷದಲ್ಲಿ ಬಾಡಿಗೆಯ ಕಾಲುಭಾಗವನ್ನು ಮೀರುವಂತಿಲ್ಲ. ಎಂಬತ್ತು ರೂಪಾಯಿ ಬಾಡಿಗೆಯಿದ್ದರೆ ವರ್ಷಕ್ಕೆ 240 ರೂಪಾಯಿ. ಅಷ್ಟರಲ್ಲಿ ಒಬ್ಬ ಪ್ಲಂಬರ್ ಮೆಟ್ಟಿಲು ಹತ್ತಿ ಬರುವುದೂ ಇಲ್ಲ. ಬಾಡಿಗೆ ಏರಿಸಿ ಎಂದು ನಾನು ಹೇಳುತ್ತಿಲ್ಲ. ಆ ಬಾಡಿಗೆ ಇರುವುದರಿಂದಲೇ ಈ ಜನ ಇನ್ನೂ ಊರ ನಡುವೆ ಬದುಕಿದ್ದಾರೆ. ಆದರೆ ದುರಸ್ತಿಯ ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಯನ್ನು ಕಾನೂನು ಮಾಲೀಕನ ಮನೆ ಬಾಗಿಲಲ್ಲಿ ಬಿಟ್ಟು ಹೋಗಿದೆ, ಮಾಲೀಕ ಬಾಗಿಲು ತೆರೆಯುತ್ತಿಲ್ಲ.

ಇದರ ಮೇಲೆ ರೀಡೆವಲಪ್‌ಮೆಂಟಿನ ಆಸೆ. ಬಿಲ್ಡರ್ ಬರುತ್ತಾನೆ, ಫ್ಲ್ಯಾಟ್ ಸಿಗುತ್ತದೆ, ಈಗ ಇದಕ್ಕೆ ಯಾಕೆ ಖರ್ಚು ಎಂಬ ಮಾತನ್ನು ಪ್ರತಿ ಖೋಲಿಯಲ್ಲೂ ಕೇಳಿದೆ. ಆ ಮಾತು ಶುರುವಾದಾಗ ಹುಟ್ಟಿದ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ.

ಈ ಕಟ್ಟಡಕ್ಕೆ ತಪಾಸಣೆಗಳು ಬಾರದೆ ಇಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಮಂಡಳಿಯವರು ಬಂದು ಬೀಳುವ ಲಕ್ಷಣ ಇದೆಯೇ ಎಂದು ನೋಡುತ್ತಾರೆ. ಅದು ನೋಡಲೇಬೇಕಾದದ್ದು, 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೈನಿ ಕಟ್ಟಡ ಕುಸಿದು 33 ಜನ ಸತ್ತ ನಗರ ಇದು. ಪಾಲಿಕೆಯ ಕೀಟನಾಶಕ ವಿಭಾಗದವರು ಗ್ಯಾಲರಿಯ ಡ್ರಮ್ಮುಗಳಿಗೆ ಟಾರ್ಚ್ ಹಾಕಿ ಲಾರ್ವಾ ಹುಡುಕುತ್ತಾರೆ. ಕ್ಷಯ ವಿಭಾಗದ ಕಾರ್ಯಕರ್ತೆ ಬಂದು ರೋಗಿ ಮಾತ್ರೆ ನುಂಗುತ್ತಿದ್ದಾನೆಯೇ ಎಂದು ವಿಚಾರಿಸುತ್ತಾಳೆ. ಎಲ್ಲರೂ ತಮ್ಮ ಕೆಲಸ ಮಾಡುತ್ತಿದ್ದಾರೆ. ಹಿಂಬದಿಯ ಕಿಟಕಿ ಯಾಕೆ ಮುಚ್ಚಿದೆ ಎಂದು ಕೇಳುವುದು ಮಾತ್ರ ಯಾರ ಕೆಲಸದಲ್ಲೂ ಬರುವುದಿಲ್ಲ.

ಖೋಲಿ

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಎಂಟು ಜನರ ಟ್ರಂಕುಗಳು. ಪಾಳಿಯ ಕೆಲಸವಾದ್ದರಿಂದ ಎಂಟೂ ಜನ ಒಟ್ಟಿಗೆ ಇರುವುದು ಕಡಿಮೆ, ಆದರೆ ಖೋಲಿ ಖಾಲಿಯಾಗುವುದೂ ಇಲ್ಲ; ಒಬ್ಬ ಎದ್ದ ಚಾಪೆಯ ಮೇಲೆ ಇನ್ನೊಬ್ಬ ಮಲಗುತ್ತಾನೆ. ಅರ್ಧ ಖೋಲಿಗೆ ಮರದ ಅಟ್ಟ, ಅದರ ಮೇಲೂ ಇಬ್ಬರು. ಹಿಂಬದಿಯ ಕಿಟಕಿ ಮೂರಡಿಗೆ ನಾಲ್ಕಡಿ. ಅದಕ್ಕೆ ತಗಡು ಬಡಿದು, ಸಂದಿಗಳಿಗೆ ಪ್ಲಾಸ್ಟಿಕ್ ತುರುಕಿ, ಮೇಲೆ ದೇವರ ಕ್ಯಾಲೆಂಡರ್ ತೂಗುಹಾಕಿದ್ದರು.

ವಾಸದ ಕೋಣೆಯ ನೆಲದ ವಿಸ್ತೀರ್ಣದ ಆರನೇ ಒಂದು ಭಾಗದಷ್ಟಾದರೂ ಗಾಳಿ ಬರುವ ತೆರಪು ಬೇಕು ಎಂಬುದು ನಮ್ಮಂಥ ಸೆಕೆಯ, ತೇವದ ಹವೆಗೆ ಕಟ್ಟಡ ಸಂಹಿತೆ ಹೇಳುವ ಅಳತೆ. ಇಲ್ಲಿ 120 ಚದರ ಅಡಿಗೆ 20 ಚದರ ಅಡಿ ಆಗಬೇಕು. ಕಿಟಕಿ ತೆರೆದಿದ್ದರೂ 12 ಅಷ್ಟೇ. ಹಳೆಯ ಕಟ್ಟುವವರಿಗೆ ಇದು ಗೊತ್ತಿತ್ತು ಅನಿಸುತ್ತದೆ. ಗ್ಯಾಲರಿಯ ಬಾಗಿಲ ಮೇಲೆ ಮರದ ಸರಳಿನ ಒಂದು ವೆಂಟಿಲೇಟರ್ ಇಟ್ಟಿದ್ದಾರೆ. ಹಿಂದಿನ ಕಿಟಕಿಯಿಂದ ಬಂದ ಗಾಳಿ ಮೇಲೆದ್ದು ಅಲ್ಲಿಂದ ಹೊರಗೆ ಹೋಗಬೇಕು. ಆದರೆ ಅಟ್ಟದ ಹಲಗೆ ಆ ವೆಂಟಿಲೇಟರಿಗೇ ತಾಗಿ ನಿಂತಿತ್ತು.

ಒಂದು ಊದುಬತ್ತಿ ಹಚ್ಚಿ ಖೋಲಿಯ ನಡುವೆ ಹಿಡಿದೆ. ಹೊಗೆ ನೆಟ್ಟಗೆ ಏರಿ, ಅಟ್ಟದ ಹಲಗೆಯ ಕೆಳಗೆ ಹರಡಿ, ಅಲ್ಲೇ ತೇಲುತ್ತ ನಿಂತಿತು. ಅದೇ ರಾತ್ರಿ ಕಾರ್ಬನ್ ಡೈಆಕ್ಸೈಡ್ ಅಳೆಯುವ ಚಿಕ್ಕ ಮೀಟರನ್ನು ಅಲ್ಲಿ ಬಿಟ್ಟು ಬಂದೆ. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಸುಮಾರು 420 ಭಾಗ ಇರುತ್ತದೆ. ಮನುಷ್ಯ ಬಿಟ್ಟ ಉಸಿರಿನಲ್ಲಿ ಸುಮಾರು 40,000. ಬಾಗಿಲು ಹಾಕಿ ಮಲಗಿದ ಮೇಲೆ ಮೀಟರು 3,000 ದಾಟಿತ್ತು. ಲೆಕ್ಕ ಹಾಕಿದರೆ, ಆ ಖೋಲಿಯಲ್ಲಿ ಒಳಗೆಳೆದ ಗಾಳಿಯ ಸುಮಾರು ಹದಿನೈದರಲ್ಲಿ ಒಂದು ಪಾಲು ಈಗಾಗಲೇ ಮತ್ತೊಬ್ಬನ ಶ್ವಾಸಕೋಶದೊಳಗೆ ಹೋಗಿ ಬಂದದ್ದು. ಕ್ಷಯದ ರೋಗಾಣು ಹರಡುವುದೇ ಹೀಗೆ. ಕೆಮ್ಮಿದಾಗ ಹಾರಿದ ಹನಿ ಒಣಗಿ ಸಣ್ಣ ಕಣವಾಗುತ್ತದೆ, ಗಾಳಿ ಬದಲಾಗದ ಕಡೆ ಗಂಟೆಗಟ್ಟಲೆ ತೇಲುತ್ತದೆ. ಪಾತ್ರೆ, ತಟ್ಟೆ, ಬಟ್ಟೆಯಿಂದ ಅದು ಬರುವುದಿಲ್ಲ. ಹುಡುಗರು ಮಾತ್ರ ರೋಗಿಯ ಲೋಟ, ತಟ್ಟೆಯನ್ನು ಬೇರೆ ಇಟ್ಟಿದ್ದರು. ಪಾಪ, ಅವನು ಆ ಅವಮಾನವನ್ನೂ ನುಂಗಿಕೊಂಡಿದ್ದ.

ಕಿಟಕಿ ಯಾಕೆ ಮುಚ್ಚಿದಿರಿ ಎಂದು ಕೇಳಿದಾಗ ಮೆಸ್ಸಿನ, ಅಂದರೆ ಆ ಖೋಲಿಯ ಹುಡುಗರ ಕೂಟದ, ಹಿರಿಯ ಹೇಳಿದ್ದು: “ತೆಗೆದ್ರೆ ಇಲಿ ಸೀದಾ ಹಾಸಿಗೆಗೇ ಬರ್ತದೆ ಮಾರಾಯ್ರೆ. ಮತ್ತೆ ಆ ನಾತ, ಆ ಸೊಳ್ಳೆ. ಎಂಟು ಗಂಟೆ ನಿಂತು ಕೆಲಸ ಮಾಡಿ ಬಂದವ ಮಲಗೋದು ಬೇಡ್ವಾ?” ಪಕ್ಕದ ಖೋಲಿಯ ವಿಜಯಪುರದ ಅಜ್ಜಿಯದೂ ಅದೇ ಮಾತು: “ಕಿಟಕಿ ತೆಗದ್ರ ನಾತ, ಮುಚ್ಚಿದ್ರ ಧಗಿ. ನಾತಕ್ಕಿಂತ ಧಗಿ ಪಾಡ ಅಂತ ಮುಚ್ಚೀವ್ರೀ ಸಾಹೇಬ್ರ.” ಆ ಸಾಲಿನ ಕಿಟಕಿಗಳಲ್ಲಿ ತೆರೆದಿದ್ದದ್ದು ಒಂದೂ ಇರಲಿಲ್ಲ. ಗಾಳಿ-ಬೆಳಕು ಬೇಕು ಎಂದು ಇವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಿಟಕಿ ಮುಚ್ಚಿದ್ದು ತಿಳಿವಳಿಕೆ ಇಲ್ಲದೆ ಅಲ್ಲ. ಎರಡು ಕಷ್ಟಗಳಲ್ಲಿ ಒಂದನ್ನು ಆರಿಸಿಕೊಂಡು.

ಹೌಸ್ ಗಲ್ಲಿ

ಕಿಟಕಿಯ ಹಿಂದೆ ಇರುವುದನ್ನು ಮುಂಬಯಿಯಲ್ಲಿ ಹೌಸ್ ಗಲ್ಲಿ ಎನ್ನುತ್ತಾರೆ. ಎರಡು ಕಟ್ಟಡಗಳ ಬೆನ್ನಿನ ನಡುವಿನ ಕಿರುದಾರಿ; ಇಲ್ಲಿ ಐದಡಿಗೂ ಕಡಿಮೆ. ಒಳಚರಂಡಿ ಬರುವ ಮುಂಚೆ ಮಲದ ಬುಟ್ಟಿಗಳನ್ನು ಹೊರುವ ಹಲಾಲ್‌ಖೋರರು ಇಂಥ ಗಲ್ಲಿಗಳಲ್ಲೇ ಓಡಾಡುತ್ತಿದ್ದರು. ಆಮೇಲೆ ಬೀಡು ಕಬ್ಬಿಣದ ಪೈಪುಗಳು ಇಲ್ಲೇ ಇಳಿದವು. ಪಾಯಖಾನೆಯದು, ಮೋರಿಯದು, ಮಳೆನೀರಿನದು, ಎಲ್ಲವೂ.

ನಾನು ಒಳಗೆ ಹೋದಾಗ ಕಸ ಮೊಣಕಾಲಿನ ಮೇಲಕ್ಕಿತ್ತು. ಮೇಲಿನಿಂದ ಎಸೆದ ತರಕಾರಿ ಸಿಪ್ಪೆ, ಡೈಪರ್, ಹಾಲಿನ ಪ್ಯಾಕೆಟ್ಟು. ಅದರಡಿಯಲ್ಲಿ ಕಪ್ಪು ನೀರು. ತಲೆಯೆತ್ತಿ ನೋಡಿದರೆ ಎರಡನೇ ಮಹಡಿಯ ಮಟ್ಟದಲ್ಲಿ ಮುಖ್ಯ ಪೈಪಿನ ಜೋಡಣೆ ಬಾಯಿಬಿಟ್ಟಿತ್ತು. ಅಲ್ಲಿಂದ ಕೆಳಗೆ ಗೋಡೆ ಇಡೀ ಹಸಿರು, ಬಿರುಕಿನಲ್ಲಿ ಅರಳಿ ಗಿಡ. ಮೇಲೆ ಯಾರೋ ನೀರು ಬಿಟ್ಟಾಗೆಲ್ಲ ಆ ಬಾಯಿಂದ ಗೋಡೆಯ ಮೇಲೆ ಚೆಲ್ಲಿ, ಮೊದಲ ಮಹಡಿಯ ಕಿಟಕಿಯ ಪಕ್ಕದಲ್ಲೇ ಇಳಿಯುತ್ತಿತ್ತು. ಕಾರಣ ಇನ್ನೂ ಮೇಲಿತ್ತು. ಮೂರನೇ ಮಹಡಿಯ ಎರಡು ಖೋಲಿಯವರು ಮೋರಿಯ ಜಾಗದಲ್ಲಿ ಸ್ವಂತ ಪಾಯಖಾನೆ ಮಾಡಿಕೊಂಡು ಅದರ ಪೈಪನ್ನು ಮೋರಿಯ ಸಣ್ಣ ಪೈಪಿಗೇ ಸೇರಿಸಿದ್ದರು. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ. ಗ್ಯಾಲರಿಯ ಕೊನೆಯವರೆಗೆ ನಡೆಯಲಾರಳು. ಅವರ ಅಗತ್ಯ ನಿಜ, ಅವರು ಮಾಡಿದ ಜೋಡಣೆ ಅಪಾಯದ್ದು.

ಗಲ್ಲಿಯ ನೆಲದಲ್ಲೇ ಕುಡಿಯುವ ನೀರಿನ ಹಳೆ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ಆ ಕಪ್ಪು ನೀರಿನಲ್ಲಿ ಮುಳುಗಿ ಮಲಗಿತ್ತು. ಪಾಲಿಕೆಯ ನೀರು ಬರುವುದು ದಿನಕ್ಕೆ ಕೆಲವು ತಾಸು. ಒತ್ತಡ ಇದ್ದಾಗ ತೂತಿನಿಂದ ನೀರು ಹೊರಗೆ ಹೋಗುತ್ತದೆ; ಒತ್ತಡ ಇಳಿದಾಗ, ಅದರಲ್ಲೂ ಯಾರಾದರೂ ಪಂಪು ಹಚ್ಚಿ ಎಳೆದಾಗ, ಹೊರಗಿನದು ಒಳಗೆ ಬರುತ್ತದೆ. ನೀರು ಬಂದ ಕೂಡಲೇ ನೆಲಮಹಡಿಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿದೆ. ಹನಿ ಬಿಟ್ಟ ಮೇಲೂ ಬಣ್ಣವೇ ಬರಲಿಲ್ಲ. ಐದಾರು ನಿಮಿಷ ಹರಿದ ಮೇಲೆ ತಿಳಿ ಹಳದಿ ಮೂಡಿತು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಮ್ಮ ಮಾನಕ. ಮೊದಲ ಬಿಂದಿಗೆಯಲ್ಲಿ ಅದು ಇರಲಿಲ್ಲ, ಆ ಮೊದಲ ಬಿಂದಿಗೆಯನ್ನೇ ಎಲ್ಲರೂ ಕುಡಿಯಲು ಹಿಡಿಯುತ್ತಿದ್ದರು.

ಸೊಳ್ಳೆಯ ವಿಷಯದಲ್ಲಿ ಒಂದು ಮಾತು. ಡ್ರಮ್ಮಿನ ತಿಳಿನೀರಲ್ಲಿ ಬೆಳೆಯುವ ಈಡಿಸ್ ಹಗಲು ಕಚ್ಚಿ ಡೆಂಗಿ ತರುತ್ತದೆ. ತಪಾಸಣೆಯವರು ಅದನ್ನು ಹುಡುಕುವುದು ಸರಿಯೇ. ಗಲ್ಲಿಯ ಕೊಳಕು ನೀರಲ್ಲಿ ಬೆಳೆಯುವುದು ಕ್ಯೂಲೆಕ್ಸ್, ರಾತ್ರಿ ಕಚ್ಚುವ ಜಾತಿ. ಅದು ಡೆಂಗಿ ತರುವುದಿಲ್ಲವಲ್ಲ ಎಂದು ಸುಮ್ಮನೆ ಬಿಟ್ಟುಬಿಟ್ಟರೆ, ಅದರ ಕಾಟಕ್ಕೆ ಮುಚ್ಚಿದ ಕಿಟಕಿಯ ಒಳಗೆ ಕ್ಷಯ ಹರಡುತ್ತದೆ.

ಹೀಗೆ ಮೂರನೇ ಮಹಡಿಯ ಒಂದು ಕೆಟ್ಟ ಜೋಡಣೆ, ಎರಡನೆಯದರ ಮಟ್ಟದಲ್ಲಿ ಒಡೆದ ಪೈಪು, ಮೊದಲ ಮಹಡಿಯ ಕಿಟಕಿಗೆ ತಗಡು, ಅದರೊಳಗೆ ಎಂಟು ಜನರ ಉಸಿರು. ಆ ಹುಡುಗನ ಕಾಯಿಲೆಯ ಮೂಲ ಇದೊಂದೇ ಎಂದು ಹೇಳಲಾಗದು. ಹೋಟೆಲಿನ ಅಡುಗೆಮನೆಯಲ್ಲೂ ಲೋಕಲ್ ರೈಲಿನಲ್ಲೂ ಅವನು ಉಸಿರಾಡಿದ್ದಾನೆ. ಆದರೆ ಒಂದೇ ಖೋಲಿಯಲ್ಲಿ ಹಿಂದೆ ಮುಂದೆ ಇಬ್ಬರು ಬಿದ್ದಾಗ ಖೋಲಿಯನ್ನು ನೋಡದೆ ಇರಲಾಗುವುದಿಲ್ಲ.

ಈ ನಗರ ಒಮ್ಮೆ ಗಾಳಿಯ ಬಗ್ಗೆ ಬಹಳ ಯೋಚಿಸಿತ್ತು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದ ಮೇಲೆ ಅಧಿಕಾರಿಗಳು ಕತ್ತಲೆ ಖೋಲಿಗಳ ಹೆಂಚು ತೆಗೆಸಿದರು, ಮನುಷ್ಯವಾಸಕ್ಕೆ ತಕ್ಕದ್ದಲ್ಲ ಎಂದು ಗೋಡೆಗಳ ಮೇಲೆ ‘ಯು.ಎಚ್.ಎಚ್.’ ಬರೆದರು. 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್, ಕಡಲ ಗಾಳಿ ಒಳಗೆ ಬರಲಿ ಎಂದು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ಕಡಿಯಿತು. ಮನೆ ಕಳೆದುಕೊಂಡವರು ಪಕ್ಕದ ಓಣಿಗಳಲ್ಲಿ ಇನ್ನಷ್ಟು ಒತ್ತಿಕೊಂಡರು. ಕೆಡವುವುದರಿಂದಲೇ ಆರೋಗ್ಯ ಬರುತ್ತದೆ ಎಂಬ ನಂಬಿಕೆ ಅಂದಿನಿಂದ ಹೋಗಿಲ್ಲ. ಗೋವಂಡಿಯ ಪುನರ್ವಸತಿ ಕಟ್ಟಡಗಳನ್ನು ನೋಡಿ ಬಂದವರಿಗೆ ಆ ನಂಬಿಕೆ ಉಳಿಯುವುದು ಕಷ್ಟ. ಹೊಸ ಕಾಂಕ್ರೀಟು, ಒಳಗೇ ಪಾಯಖಾನೆ; ಆದರೆ ಕಟ್ಟಡ ಕಟ್ಟಡದ ನಡುವೆ ಮೂರೇ ಮೀಟರ್. ಅಲ್ಲಿ ನಡೆದ ಅಧ್ಯಯನದಲ್ಲಿ ಬಿಸಿಲು, ಗಾಳಿ ತಲುಪದ ಕೆಳಮಹಡಿಗಳಲ್ಲೇ ಕ್ಷಯ ಹೆಚ್ಚು ಕಂಡಿತು.

ಮಾಡಿದ ಕೆಲಸ

ಮೊದಲ ಸಭೆ ಗ್ಯಾಲರಿಯಲ್ಲಿ ಸೇರಿತು, ಜಗಳದಲ್ಲಿ ಮುಗಿಯಿತು. ಮೂರನೇ ಮಹಡಿಯವರ ಪಾಯಖಾನೆ ಒಡೆಯಬೇಕು ಎಂದು ಕೆಳಗಿನವರು, ಕಸ ಎಸೆಯುವವರು ಯಾರೆಂದು ಗೊತ್ತು ಎಂದು ಮೇಲಿನವರು. ಮೆಸ್ಸಿನ ಹುಡುಗರನ್ನು ಖಾಲಿ ಮಾಡಿಸಿ ಎಂಬ ದನಿಯೂ ಎದ್ದಿತು. ಅದನ್ನು ಆ ವಿಜಯಪುರದ ಅಜ್ಜಿಯೇ ತಡೆದಳು. ಆಕೆಯ ಗಂಡ ಗಿರಣಿಯಲ್ಲಿದ್ದಾಗ ಇದೇ ಕಾಯಿಲೆ ಬಂದು ಶಿವಡಿ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದವರು. ಆಗ ಚಾಳಿನವರು ಬುತ್ತಿ ಹೊತ್ತು ಕೊಟ್ಟಿದ್ದರು.

ಜನ ಒಪ್ಪುವಂತೆ ಮಾಡಿದ್ದು ಕಾಯಿಲೆಯ ಮಾತಲ್ಲ, ಕಂಬ. ಒಡೆದ ಪೈಪಿನ ಕೆಳಗಿದ್ದ ಸಾಗುವಾನಿ ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಎರಡಿಂಚು ಒಳಗೆ ಹೋಯಿತು. ಒಣ ಸಾಗುವಾನಿಯಲ್ಲಿ ಅದು ಕಾಲಿಂಚೂ ಹೋಗದು. ಪ್ರತಿ ಮಹಡಿಯಿಂದ ಒಬ್ಬೊಬ್ಬರನ್ನು ಕರೆದು ಒತ್ತಿಸಿ ನೋಡಿಸಿದೆ. ಆಮೇಲೆ ಮಾತು ಬದಲಾಯಿತು. ಕಂಬದ ವಿಷಯವನ್ನು ಫೋಟೊ ಸಮೇತ ದುರಸ್ತಿ ಮಂಡಳಿಗೆ ಬರೆದೆವು, ಅದಕ್ಕೆ ಊರೆ ಕೊಟ್ಟರು. ಪೈಪಿಗಾಗಿ ಕಾಯದೆ ಖೋಲಿಗಿಷ್ಟು ಎಂದು ವರ್ಗಣಿ ಎತ್ತಿದರು. ಒಂದು ಖೋಲಿಯ ಪಾಲು ಸಾಧಾರಣ ಮೊಬೈಲ್ ಫೋನಿನ ಬೆಲೆಗಿಂತ ಕಡಿಮೆ ಬಿತ್ತು. ಮಾಲೀಕರ ಕಡೆಯಿಂದ ಉತ್ತರ ಬರಲಿಲ್ಲ.

ಗಲ್ಲಿಯ ಕಸ ತೆಗೆಯುವುದು ಮೊದಲ ಕೆಲಸ. ಇಲ್ಲಿ ನಾನು ಹಟ ಹಿಡಿದೆ. ಬರಿಗೈ, ಬರಿಗಾಲಲ್ಲಿ ಒಬ್ಬನನ್ನೂ ಇಳಿಸಕೂಡದು. 2013ರ ಕಾಯ್ದೆ ಮನುಷ್ಯ ಮಲವನ್ನು ಕೈಯಿಂದ ಎತ್ತಿಸುವುದನ್ನು ನಿಷೇಧಿಸಿದೆ. ಕಾಯ್ದೆ ಇರದಿದ್ದರೂ, ನಮ್ಮ ಆರೋಗ್ಯಕ್ಕಾಗಿ ಇನ್ನೊಬ್ಬನ ಆರೋಗ್ಯ ತೆಗೆಯುವ ಕೆಲಸವನ್ನು ನಾನು ಮಾಡಿಸಲಾರೆ. ಮೊದಲು ಮೇಲಿನ ಪಾಯಖಾನೆಗಳನ್ನು ನಿಲ್ಲಿಸಿ, ಗಲ್ಲಿಯ ನೀರನ್ನು ಪಂಪಿನಿಂದ ಒಳಚರಂಡಿಯ ಚೇಂಬರಿಗೆ ಎತ್ತಿ, ಬ್ಲೀಚಿಂಗ್ ಹಾಕಿ, ಒಣಗಲು ಬಿಟ್ಟು, ಆಮೇಲೆ ಗಮ್‌ಬೂಟು, ಉದ್ದ ಕೈಗವಸು, ಉದ್ದ ಹಿಡಿಯ ಸಲಿಕೆಗಳೊಂದಿಗೆ ಕಸ ತೆಗೆಸಿದೆವು. ಇಲಿಗಳ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಬರುವ ಊರಿದು, ಹಾಗಾಗಿ ಕಾಲಲ್ಲಿ ಗಾಯವಿದ್ದವರನ್ನು ವೈದ್ಯೆ ಇಳಿಯಲು ಬಿಡಲಿಲ್ಲ.

ಉಳಿದದ್ದು ಬೇಗ ನಡೆಯಿತು. ಪಾಯಖಾನೆಗೆ ಬೇರೆ ಪೈಪು, ಮೋರಿಗೆ ಬೇರೆ. ಮೂರನೇ ಮಹಡಿಯ ಆ ತಾಯಿಯ ಪಾಯಖಾನೆಯನ್ನು ಒಡೆಯದೆ, ಸರಿಯಾದ ಇಳಿಜಾರಿನಲ್ಲಿ ಮುಖ್ಯ ಪೈಪಿಗೆ ಸೇರಿಸಿ, ಮಾಡಿನ ಮೇಲಕ್ಕೆ ವೆಂಟ್ ಏರಿಸಿದೆವು. ಪ್ರತಿ ಮೋರಿಗೆ, ಪೈಪಿನ ನಾತ ಒಳಗೆ ಬಾರದಂತೆ ತಡೆಯುವ ನಹನಿ ಟ್ರಾಪ್. ಕುಡಿಯುವ ನೀರಿನ ಪೈಪನ್ನು ಬದಲಿಸಿ, ನೆಲದಿಂದ ಎತ್ತಿ ಗೋಡೆಗೆ ಬ್ರ್ಯಾಕೆಟ್ ಹಾಕಿ ಕೂರಿಸಿದರು. ಗಲ್ಲಿಯ ನೆಲಕ್ಕೆ ನೀರು ನಿಲ್ಲದ ಹಾಗೆ ಕೋಬಾ ಎಂಬ ಕಾಂಕ್ರೀಟ್ ಹಾಸು.

ನಾತ ಹೋದ ಮೇಲೆಯೇ ಕಿಟಕಿಯ ತಗಡು ತೆಗೆಸಿದ್ದು. ಇಲಿ ಹಲ್ಲು ತಾಗದ ಗಟ್ಟಿ ಕಬ್ಬಿಣದ ಜಾಳಿಗೆ ಹೊರಗೆ, ಸೊಳ್ಳೆ ಪರದೆ ಒಳಗೆ. ಪರದೆ ಗಾಳಿಯನ್ನು ಸ್ವಲ್ಪ ತಡೆಯುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ತೊಳೆಯಬೇಕು. ಅಟ್ಟದ ಹಲಗೆಯನ್ನು ಬಾಗಿಲ ಕಡೆ ಒಂದೂವರೆ ಅಡಿ ಕತ್ತರಿಸಿ ವೆಂಟಿಲೇಟರ್ ಬಿಡಿಸಿದೆವು. ಊದುಬತ್ತಿಯ ಹೊಗೆ ಈ ಸಲ ಓರೆಯಾಗಿ ಎದ್ದು ಗ್ಯಾಲರಿಗೆ ಹೋಯಿತು.

ಫಲ, ಉಳಿದ ಕೆಲಸ

ರಾತ್ರಿಯ ಮೀಟರು 1,100ರ ಆಸುಪಾಸಿಗೆ ಇಳಿದಿದೆ. ಅಂದರೆ ಇನ್ನೊಬ್ಬರ ಉಸಿರಿನ ಪಾಲು ಐವತ್ತರಲ್ಲಿ ಒಂದಕ್ಕಿಂತ ಕಡಿಮೆ. ಜನ ಕಡಿಮೆಯಾಗದೆ ಇನ್ನೂ ಇಳಿಯುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಇಕ್ಕಟ್ಟನ್ನೇ ಒಂದು ಅಪಾಯವಾಗಿ ಎತ್ತಿ ಹೇಳಿದ್ದು ಸುಮ್ಮನೆ ಅಲ್ಲ. ಇಬ್ಬರಿಗೆ ಅವರ ಹೋಟೆಲಿನಲ್ಲೇ ಮಲಗುವ ವ್ಯವಸ್ಥೆ ಆಯಿತು. ಮೊದಲ ಬಿಂದಿಗೆಯ ನೀರಿನಲ್ಲೂ ಈಗ ಹಳದಿ ಮೂಡುತ್ತದೆ.

ಮೆಸ್ಸಿನ ಹುಡುಗರ ಹೆಸರು ಬಾಡಿಗೆ ಪುಸ್ತಕದಲ್ಲೂ ಇಲ್ಲ, ರೇಷನ್ ಕಾರ್ಡಿನಲ್ಲೂ ಇಲ್ಲ. ರೋಗಿಯ ಮನೆಯವರನ್ನು ತಪಾಸಣೆ ಮಾಡಬೇಕು ಎಂಬ ನಿಯಮ ಇದ್ದರೂ, ಅವನ ಮನೆಯವರು ಬೈಂದೂರಿನಲ್ಲಿದ್ದಾರೆ. ಉಸಿರು ಹಂಚಿಕೊಂಡವರು ಇಲ್ಲಿದ್ದಾರೆ. ವೈದ್ಯೆ ಎಲ್ಲರ ಎಕ್ಸ್‌ರೇ ತೆಗೆಸಿದರು. ಒಬ್ಬನಲ್ಲಿ ಕಾಯಿಲೆ ಸಿಕ್ಕಿತು, ಕೆಮ್ಮು ಬಲಿಯುವ ಮೊದಲೇ. ಉಳಿದವರಿಗೆ ತಡೆಗಟ್ಟುವ ಮಾತ್ರೆ. ಮೊದಲ ಹುಡುಗ ಆರು ತಿಂಗಳ ಔಷಧ ಮುಗಿಸಿದ್ದಾನೆ. ಕ್ಷಯ ರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ, 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಆದದ್ದು, ಅವನ ಖಾತೆಗೆ ತಡವಾಗಿಯಾದರೂ ಬಂದಿದೆ. ಅವನ ತಟ್ಟೆ ಈಗ ಎಲ್ಲರದರ ಜೊತೆಗಿದೆ.

ಗಲ್ಲಿಯ ಇನ್ನೊಂದು ಬದಿ ಬೇರೆ ಕಟ್ಟಡದ್ದು. ಅವರ ಪೈಪು ಇನ್ನೂ ಸೋರುತ್ತಿದೆ. ಅವರಿಗೆ ರೀಡೆವಲಪ್‌ಮೆಂಟಿನ ಕಾಗದ ಸಹಿಯಾಗಿದೆಯಂತೆ, ಖರ್ಚು ಮಾಡಲು ಒಪ್ಪುತ್ತಿಲ್ಲ. ಎರಡನೇ ಮಹಡಿಯಿಂದ ಯಾರೋ ಇನ್ನೂ ಕಸ ಎಸೆಯುತ್ತಾರೆ. ಎರಡು ಖೋಲಿಗಳವರು ತಗಡು ತೆಗೆಯಲು ಇನ್ನೂ ಒಪ್ಪಿಲ್ಲ. ಗಲ್ಲಿಯ ಕಸವನ್ನು ತಿಂಗಳಿಗೊಮ್ಮೆ ತೆಗೆಸಲು ಖೋಲಿಗೆ ಇಷ್ಟು ಎಂದು ಗೊತ್ತುಮಾಡಿ, ವಸೂಲಿಯ ಪುಸ್ತಕವನ್ನು ವಿಜಯಪುರದ ಅಜ್ಜಿಯ ಸೊಸೆಗೆ ಒಪ್ಪಿಸಿದ್ದಾರೆ. ಪಕ್ಕದ ಕಟ್ಟಡದ ಪೈಪಿನ ಬಗ್ಗೆ ವಾರ್ಡ್ ಕಚೇರಿಗೆ ಬರೆದ ಅರ್ಜಿಯ ಬೆನ್ನು ಹತ್ತಬೇಕು, ಮಳೆ ಹಿಡಿಯುವ ಮೊದಲೇ.